ಪಾತ್ರೆ ಚಿಕ್ಕದಿದ್ದರೆ ಮಾಲ್ಟಿನ ರಸ ಗಟ್ಟಿ ಬರುವುದು ಹೇಗೆ?

ಬಿಯರಿನ ಸೀಸೆಗಳಲ್ಲಿ ಕೆಲವಕ್ಕೆ ‘ಸ್ಟ್ರಾಂಗ್’ ಎಂದು ಚೀಟಿ ಅಂಟಿಸಿರುವುದನ್ನು ಕುಡಿಯುವವರೂ ಕುಡಿಯದವರೂ ನೋಡಿದ್ದೇವೆ. ಸಾಧಾರಣ ಬಿಯರಿಗೂ ಅದಕ್ಕೂ ಧಾನ್ಯ ಒಂದೇ, ಮಾಡುವ ಕ್ರಮವೂ ಹೆಚ್ಚು ಕಡಿಮೆ ಒಂದೇ. ಹಾಗಾದರೆ ಆ ಕಡಕ್ಕು ಎಲ್ಲಿಂದ ಬಂತು? ಹೆಚ್ಚು ದಿನ ಹುಳಿಸಿರುತ್ತಾರೆ ಎಂದು ಕೆಲವರು ಹೇಳುತ್ತಾರೆ, ಮೇಲಿನಿಂದ ಏನನ್ನೋ ಬೆರೆಸಿರುತ್ತಾರೆ ಎಂದು ಇನ್ನು ಕೆಲವರು. ಇವೆರಡೂ ನಿಜವಾದ ಕಾರಣವಲ್ಲ. ಬಿಯರು ಎಷ್ಟು ಕಡಕ್ಕಾಗಬೇಕೆಂಬುದು ಹುದುಗು ಬೀಳುವುದಕ್ಕೆ ಮೊದಲೇ, ಮೊಳಕೆ ಧಾನ್ಯವನ್ನು ಬಿಸಿನೀರಿನಲ್ಲಿ ಕಲಸಿಟ್ಟ ಪಾತ್ರೆಯಲ್ಲೇ ತೀರ್ಮಾನವಾಗಿ ಹೋಗಿರುತ್ತದೆ. ರಾಗಿ ಬೆಳೆಯುವ, ರಾಗಿ ಉಣ್ಣುವ ನಮಗೆ ಆ ಪಾತ್ರೆಯ ಲೆಕ್ಕ ತಿಳಿದಿರುವುದು ಬಹಳ ಉಪಯುಕ್ತ. ಅದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಮೊದಲಿಗೆ ಕಾನೂನಿನ ಮಾತು. ಕರ್ನಾಟಕ ಅಬಕಾರಿ ಕಾಯ್ದೆ, 1965ರಂತೆ ಪರವಾನಗಿಯಿಲ್ಲದೆ ಬಿಯರು ತಯಾರಿಸುವುದು ಅಪರಾಧ. ಮಾರುವುದಕ್ಕಲ್ಲ, ಮನೆಯವರು ಕುಡಿಯುವುದಕ್ಕೆ ಎಂದರೂ ಅದು ಸಮಜಾಯಿಷಿ ಆಗುವುದಿಲ್ಲ. ಇಂಗ್ಲೆಂಡಿನಲ್ಲಿ 1963ರಿಂದ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಅವರು ಸಹಿ ಮಾಡಿದ ಕಾನೂನಿನಿಂದ ಮನೆಯಲ್ಲಿ ಬಿಯರು ಮಾಡಿಕೊಳ್ಳಲು ಕೇಂದ್ರ ಸರಕಾರದ ಅಡ್ಡಿ ತೆಗೆಯಲಾಯಿತು. ಅಲ್ಲಿಯ ಹವ್ಯಾಸಿಗಳು ಅಡುಗೆಮನೆಯ ಪಾತ್ರೆಗಳಲ್ಲೇ ಸ್ಟ್ರಾಂಗ್ ಬಿಯರು ಮಾಡಲು ಹೊರಟು, ಪಾತ್ರೆ ಸಾಲದೆ ಪಟ್ಟ ಪಾಡಿನಿಂದ ಹಲವು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಅವರ ಉಪಾಯಗಳನ್ನು ನಾವು ಮಾಲ್ಟಿನ ಸಿಹಿರಸ ಮತ್ತು ಪಾಕ ಮಾಡುವವರೆಗೆ ಬಳಸಿಕೊಳ್ಳೋಣ. ಅಲ್ಲಿಂದ ಮುಂದಕ್ಕೆ, ಅಂದರೆ ಹುದುಗು ಹಾಕುವ ಕೆಲಸಕ್ಕೆ, ನಮಗೆ ಅಧಿಕಾರವಿಲ್ಲ.

ಕಬ್ಬು ಬೆಳೆದವರಿಗೆ ತಿಳಿದ ಲೆಕ್ಕ

ಹುದುಗು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ಅನಿಲವನ್ನೂ ಹೊರಬಿಡುತ್ತದೆ. ತೂಕದಲ್ಲಿ ಸುಮಾರು ಅರ್ಧ ಮದ್ಯಸಾರ, ಸುಮಾರು ಅರ್ಧ ಅನಿಲ. ರಸದಲ್ಲಿ ಇಲ್ಲದ ಸಕ್ಕರೆಯಿಂದ ಮದ್ಯಸಾರ ಹುಟ್ಟುವುದಿಲ್ಲ. ನಮ್ಮ ದೇಶದಲ್ಲಿ 2018ರ ಆಹಾರ ಸುರಕ್ಷತಾ ನಿಯಮಗಳಂತೆ ಬಿಯರಿನ ಮದ್ಯಸಾರ ನೂರಕ್ಕೆ 5 ಮೀರದಿದ್ದರೆ ಅದು ಸಾಧಾರಣ, 5 ದಾಟಿ 8ರವರೆಗೆ ಇದ್ದರೆ ಸ್ಟ್ರಾಂಗ್. ನೂರಕ್ಕೆ 5ರ ಬಿಯರು ಬೇಕಾದರೆ ರಸದಲ್ಲಿ ನೂರಕ್ಕೆ 12ರಷ್ಟು ಕರಗಿದ ಸಿಹಿ ಅಂಶ ಇರಬೇಕು. 7ರ ಬಿಯರು ಬೇಕಾದರೆ 16-17 ಇರಬೇಕು.

ಭಾರತೀನಗರದ ಸುತ್ತಮುತ್ತ, ಮದ್ದೂರು-ಮಳವಳ್ಳಿ ರಸ್ತೆಯ ಎರಡೂ ಕಡೆ ಕಬ್ಬು ಬೆಳೆಯುವವರಿಗೆ ಇಂತಹ ಅಂಕಿಗಳು ಹೊಸವಲ್ಲ. ಕಬ್ಬು ಕಟಾವಿಗೆ ಬಂದಿದೆಯೇ ಎಂದು ನೋಡಲು ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮಾಪಕದ ಗಾಜಿನ ಮೇಲೆ ಒಂದು ತೊಟ್ಟು ರಸ ಹಾಕಿ ಬೆಳಕಿಗೆ ಹಿಡಿದು ನೋಡುವುದನ್ನು ಎಲ್ಲರೂ ಬಲ್ಲರು. 18ರ ಮೇಲೆ ತೋರಿಸಿದರೆ ಕಬ್ಬು ಬಲಿತಿದೆ ಎಂದು ಅರ್ಥ. ಅಂದರೆ ಬಾರ್ಲಿಯವನು ದಿನವಿಡೀ ದುಡಿದು ಪಡೆಯುವ ಗಟ್ಟಿ ರಸಕ್ಕಿಂತ ಹೆಚ್ಚು ಸಿಹಿಯಾದ ರಸ ನಮ್ಮ ಗಾಣದಿಂದ ನೇರವಾಗಿ ಸುರಿಯುತ್ತದೆ. ಕಬ್ಬಿನಲ್ಲಿ ಸಕ್ಕರೆ ಸಿದ್ಧವಾಗಿಯೇ ಇದೆ, ಧಾನ್ಯದಲ್ಲಿ ಇರುವುದು ಪಿಷ್ಟ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕೆಲಸವನ್ನು ಪಾತ್ರೆಯೊಳಗೆ ಮಾಡಿಸಬೇಕು. ಎಲ್ಲ ತಾಪತ್ರಯಕ್ಕೂ ಮೂಲ ಇದೇ.

ಒಡೆಯುವವು ಕಿಣ್ವಗಳು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಟ್ಟಿಯಲ್ಲಿ ಇಟ್ಟಾಗ ಬೀಜದ ಮೇಲಿನ ಲೋಳೆ ಕರಗುವುದೂ ಕಿಣ್ವಗಳಿಂದಲೇ. ಚಳಿಯ ದಿನಗಳಲ್ಲಿ ಲೋಳೆ ಬಿಡಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದು ಕಾಫಿ ಬೆಳೆಗಾರರ ಅನುಭವ. ಕಿಣ್ವಕ್ಕೆ ತಕ್ಕ ಉಷ್ಣತೆ ಬೇಕು ಎಂಬುದಕ್ಕೆ ಅದಕ್ಕಿಂತ ಬೇರೆ ಉದಾಹರಣೆ ಬೇಡ. ಧಾನ್ಯ ಮೊಳೆಯುವಾಗ ತನ್ನ ಸಸಿಗೆ ಆಹಾರ ಒದಗಿಸಲು ತಾನೇ ಈ ಕಿಣ್ವಗಳನ್ನು ತಯಾರಿಸಿಕೊಳ್ಳುತ್ತದೆ. ಮೊಳಕೆಯನ್ನು ಸರಿಯಾದ ಹೊತ್ತಿನಲ್ಲಿ ತಡೆದು, ಕಿಣ್ವ ಸಾಯದಂತೆ ಒಣಗಿಸಿದ ಧಾನ್ಯವೇ ಮಾಲ್ಟ್. ಅದನ್ನು ತರಿಯಾಗಿ ಒಡೆದು 60ರಿಂದ 65 ಡಿಗ್ರಿ ಸೆಂಟಿಗ್ರೇಡಿನ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟ ಒಡೆದು ನೀರು ಸಿಹಿಯಾಗುತ್ತದೆ. ಬಿಯರಿನವರು ಇದಕ್ಕೆ ‘ಮ್ಯಾಶ್’ ಎನ್ನುತ್ತಾರೆ. ನಾವು ಬಿಸಿಕಲಸು ಎಂದು ಕರೆಯೋಣ.

ಹತ್ತು ಲೀಟರಿನ ಪಾತ್ರೆ

ಈಗ ಲೆಕ್ಕಕ್ಕೆ ಬರೋಣ. ಬಾರ್ಲಿ ಮಾಲ್ಟನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ, ಏಕೆಂದರೆ ಅದರ ಅಂಕಿಗಳು ಚೆನ್ನಾಗಿ ನಿಗದಿಯಾಗಿವೆ. ಒಂದು ಕಿಲೋ ಮಾಲ್ಟಿಗೆ 3 ಲೀಟರು ನೀರು ಹಾಕುವುದು ವಾಡಿಕೆ. ತರಿ ನೀರಿನಲ್ಲಿ ಮುಳುಗಿದಾಗ ಕಿಲೋ ಒಂದಕ್ಕೆ ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ ಜಾಗ ಹಿಡಿಯುತ್ತದೆ. ಹಾಗಾಗಿ ಕಿಲೋ ಒಂದಕ್ಕೆ ಪಾತ್ರೆಯಲ್ಲಿ 3.7 ಲೀಟರು ಜಾಗ ಬೇಕು. ಮನೆಯ ಅನುಕೂಲಗಳಲ್ಲಿ ಒಂದು ಕಿಲೋ ಮಾಲ್ಟಿನಿಂದ ಸುಮಾರು 600 ಗ್ರಾಂ ಸಿಹಿ ಅಂಶ ನೀರಿಗೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ.

ಇಂಗ್ಲೆಂಡಿನ ಒಬ್ಬ ಹವ್ಯಾಸಿಗೆ 20 ಲೀಟರು ಸ್ಟ್ರಾಂಗ್ ಬಿಯರು ಬೇಕಾಗಿದೆ. ನೂರಕ್ಕೆ 17ರ ರಸ 20 ಲೀಟರಿನಲ್ಲಿ 3.6 ಕಿಲೋ ಸಿಹಿ ಅಂಶ ಇರುತ್ತದೆ. ಅದಕ್ಕೆ 6 ಕಿಲೋ ಮಾಲ್ಟ್ ಬೇಕು. 6 ಕಿಲೋ ಮಾಲ್ಟಿಗೆ 22 ಲೀಟರು ಹಿಡಿಸುವ ಪಾತ್ರೆ ಬೇಕು, ಮೇಲೆ ಕೈಯಾಡಿಸಲು ಜಾಗ ಬೇರೆ. ಅವನ ಬಳಿ ಇರುವುದು 10 ಲೀಟರಿನ ತಪ್ಪಲೆ. ಮೇಲೆ ಒಂದಿಷ್ಟು ಬಿಟ್ಟು ಎಂಟೂವರೆ ಲೀಟರಿನವರೆಗೆ ತುಂಬಿದರೆ 2.3 ಕಿಲೋ ಮಾಲ್ಟ್ ಹಿಡಿಸುತ್ತದೆ. ಅದರಿಂದ ದೊರೆಯುವುದು 1.4 ಕಿಲೋ ಸಿಹಿ ಅಂಶ. ಬೇಕಾದದ್ದರಲ್ಲಿ ಅರ್ಧವೂ ಅಲ್ಲ.

ನೀರು ಕಡಿಮೆ ಮಾಡಿ ಗಟ್ಟಿಯಾಗಿ ಕಲಸಿದರಾಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ಕಿಲೋಗೆ ಎರಡೂವರೆ ಲೀಟರು ನೀರು ಹಾಕಿದರೆ ಅದೇ ಪಾತ್ರೆಯಲ್ಲಿ 2.6 ಕಿಲೋ ಹಿಡಿಸುತ್ತದೆ. ಲಾಭ ಬರೀ 300 ಗ್ರಾಂ ಮಾಲ್ಟು. ಅದಕ್ಕಿಂತ ಗಟ್ಟಿ ಮಾಡಿದರೆ ಒಳಗೆ ಒಣ ಉಂಡೆಗಳು ಉಳಿದು, ಸೋಸುವುದು ಕಷ್ಟವಾಗಿ, ಬಂದದ್ದೂ ಹೋಗುತ್ತದೆ. ಮೊದಲು ಎಲ್ಲರೂ ಕೈ ಹಾಕುವ ಉಪಾಯ ಇದೇ, ಎಲ್ಲಕ್ಕಿಂತ ಕಡಿಮೆ ಫಲ ಕೊಡುವುದೂ ಇದೇ.

ಎರಡನೆಯದು ಸಕ್ಕರೆ ಸೇರಿಸುವುದು. ಕಡಿಮೆ ಬಿದ್ದ 2.2 ಕಿಲೋವನ್ನು ಸಕ್ಕರೆಯಿಂದಲೋ ಬೆಲ್ಲದಿಂದಲೋ ತುಂಬಿದರೆ ಅಂಕಿ ಸರಿಹೋಗುತ್ತದೆ, ಪಾನೀಯ ಸರಿಹೋಗುವುದಿಲ್ಲ. ಮಾಲ್ಟಿನ ರಸದಲ್ಲಿ ಹುದುಗು ತಿನ್ನಲಾರದ ಅಂಶಗಳೂ ಇರುತ್ತವೆ. ಬಾಯಿಗೆ ದಪ್ಪ ಎನಿಸುವುದು ಅವುಗಳಿಂದ. ಸಕ್ಕರೆಯನ್ನಾದರೋ ಹುದುಗು ಪೂರ್ತಿ ತಿಂದು ಮುಗಿಸುತ್ತದೆ, ಉಳಿಯುವುದು ತೆಳ್ಳಗಿನ ಕಡಕ್ಕು. ಅದಕ್ಕೇ ತಿಳಿದವರು ಒಟ್ಟು ಸಿಹಿಯಲ್ಲಿ ನೂರಕ್ಕೆ 10-20ಕ್ಕಿಂತ ಹೆಚ್ಚು ಸಕ್ಕರೆ ಹಾಕುವುದಿಲ್ಲ. ಮಾಲ್ಟಿನ ರಸವನ್ನೇ ಬತ್ತಿಸಿ ಮಾಡಿದ ಪಾಕ ಅಲ್ಲಿಯ ಅಂಗಡಿಗಳಲ್ಲಿ ಡಬ್ಬದಲ್ಲಿ ಸಿಗುತ್ತದೆ. ಅದನ್ನು ಸೇರಿಸಿದರೆ ಈ ದೋಷವಿಲ್ಲ.

ಮೂರನೆಯದು ಬತ್ತಿಸುವುದು. ಇದನ್ನು ಮಂಡ್ಯ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ನೂರಕ್ಕೆ 12ರ ರಸ 10 ಲೀಟರು ಇದ್ದರೆ ಕುದಿಸಿ ಏಳು ಲೀಟರಿಗೆ ಇಳಿಸಿದಾಗ 17ರ ಹತ್ತಿರ ಬರುತ್ತದೆ. ಖರ್ಚೆಲ್ಲ ಸೌದೆಯದು. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯೇ ಉರಿಗೆ ಆಗುತ್ತದೆ. ಮನೆಯ ಗ್ಯಾಸಿನ ಒಲೆಯಲ್ಲಿ ಮೂರು ಲೀಟರು ನೀರನ್ನು ಆವಿ ಮಾಡುವವರು ಲೆಕ್ಕ ಹಾಕಿಕೊಂಡು ಮುಂದುವರಿಯಬೇಕು. ತೋಟದಲ್ಲಿ ಬಿದ್ದಿರುವ ತೆಂಗಿನ ಮೊಟ್ಟೆ, ಒಣಗಿದ ಅಡಿಕೆ ಸಿಪ್ಪೆ ಇದ್ದವರಿಗೆ ಚಿಂತೆಯಿಲ್ಲ.

ನಾಲ್ಕನೆಯದನ್ನು ನಿಜವಾದ ಜಾಣತನ ಎನ್ನಬೇಕು. ಕಲಸಿನಿಂದ ಮೊದಲು ಇಳಿಯುವ ರಸ ಅತಿ ಗಟ್ಟಿ. ಬಳಿಕ ತರಿಯ ಮೇಲೆ ಬಿಸಿನೀರು ಸುರಿದು ತೊಳೆದಂತೆಲ್ಲ ಬರುವುದು ತೆಳ್ಳಗಾಗುತ್ತ ಹೋಗುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಹಳ್ಳಿಮನೆಗಳಲ್ಲಿ ಮೊದಲ ರಸವನ್ನು ಬೇರೆಯಾಗಿ ಹಿಡಿದು ಗಟ್ಟಿ ಬಿಯರು ಮಾಡಿ ವರ್ಷಗಟ್ಟಲೆ ಇಡುತ್ತಿದ್ದರು. ಎರಡನೆಯ ಮೂರನೆಯ ತೊಳೆತದಿಂದ ದಿನಬಳಕೆಯ ತೆಳು ಬಿಯರು ಆಗುತ್ತಿತ್ತು, ಅದು ಆಳುಕಾಳುಗಳಿಗೂ ಮಕ್ಕಳಿಗೂ. ಪಾತ್ರೆ ಒಂದೇ, ಧಾನ್ಯ ಒಂದೇ, ಪಾನೀಯ ಎರಡು. ಯಾವುದೂ ಪೋಲಾಗಲಿಲ್ಲ. ತೆಂಗಿನಕಾಯಿ ತುರಿಯಿಂದ ಗಟ್ಟಿ ಹಾಲು ಬೇರೆ, ನೀರು ಹಾಲು ಬೇರೆ ತೆಗೆಯುವ ನಮ್ಮ ಹೆಂಗಸರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಾರದು.

ಐದನೆಯ ಉಪಾಯ ಎರಡು ಸಲ ಕಲಸುವುದು. 2.3 ಕಿಲೋ ಮಾಲ್ಟನ್ನು 7 ಲೀಟರು ನೀರಿನಲ್ಲಿ ಕಲಸಿ ಇಳಿಸಿದರೆ, ತರಿ ಕಿಲೋಗೆ ಒಂದು ಲೀಟರಿನಂತೆ ನೀರು ಹೀರಿಕೊಂಡು ಉಳಿದದ್ದು ಐದು ಲೀಟರಿನಷ್ಟು ರಸವಾಗಿ ಬರುತ್ತದೆ. ಅದರ ಬ್ರಿಕ್ಸ್ 16 ದಾಟಿರುತ್ತದೆ. ಆ ಚರಟವನ್ನು ತೆಗೆದು, ಇದೇ ರಸವನ್ನು ನೀರಿನ ಬದಲು ಉಪಯೋಗಿಸಿ ಹೊಸದಾಗಿ 1.7 ಕಿಲೋ ಮಾಲ್ಟ್ ಕಲಸಬೇಕು. ಈ ಸಲ ಇಳುವರಿ ಸ್ವಲ್ಪ ಕುಗ್ಗುತ್ತದೆ, ಏಕೆಂದರೆ ಈಗಾಗಲೇ ಸಿಹಿಯಾದ ನೀರು ಮತ್ತೆ ಸಿಹಿ ಎಳೆದುಕೊಳ್ಳಲು ಹಿಂದುಮುಂದು ನೋಡುತ್ತದೆ. ಆದರೂ ರಸ ನೂರಕ್ಕೆ 25 ದಾಟುತ್ತದೆ. ಮೊದಲ ಚರಟವನ್ನು ತೊಳೆದ ತೆಳು ನೀರನ್ನು ಅದಕ್ಕೆ ಸೇರಿಸಿ ಬೇಕಾದ ಹದಕ್ಕೆ ತಂದುಕೊಳ್ಳಬಹುದು. ಹೊತ್ತು ಎರಡರಷ್ಟು, ಶ್ರಮ ಎರಡರಷ್ಟು, ಪಾತ್ರೆ ಮಾತ್ರ ಒಂದೇ.

ಇವೆಲ್ಲಕ್ಕಿಂತ ಸುಲಭವಾದ ಮಾರ್ಗ, 20 ಲೀಟರಿನ ಆಸೆ ಬಿಟ್ಟು ಏಳು ಏಳೂವರೆ ಲೀಟರು ಮಾಡಿಕೊಳ್ಳುವುದು. ಹವ್ಯಾಸಿಗಳು ಕೊನೆಗೆ ಬಂದು ನಿಲ್ಲುವುದೂ ಹೆಚ್ಚಾಗಿ ಅಲ್ಲಿಗೇ.

ರಾಗಿಯ ಸಂಗತಿ

ಬಾರ್ಲಿ ನಮ್ಮ ಬೆಳೆಯಲ್ಲ, ರಾಗಿ ನಮ್ಮದು. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟದ್ದನ್ನು ಹಿರಿಯ ಬೆಳೆಗಾರರು ಮರೆತಿಲ್ಲ. ಹೆಸರಿನಲ್ಲೇ ಇಂಡಿಯಾ ಮತ್ತು ಆಫ್ರಿಕಾ ಎರಡೂ ಇವೆ. ಆ ಆಫ್ರಿಕಾದ ಉಗಾಂಡಾ, ಜಾಂಬಿಯಾ, ಜಿಂಬಾಬ್ವೆ ದೇಶಗಳಲ್ಲಿ ರಾಗಿಗೆ ಬೆಲೆ ಇರುವುದು ಮುದ್ದೆಗಿಂತ ಹೆಚ್ಚಾಗಿ ಬಿಯರಿನ ಮಾಲ್ಟಿಗೆ. ನೇಪಾಳ, ಸಿಕ್ಕಿಂಗಳಲ್ಲೂ ರಾಗಿಯಿಂದ ಮಾದಕ ಪಾನೀಯ ಮಾಡುತ್ತಾರೆ, ಆದರೆ ಅಲ್ಲಿ ಮೊಳಕೆಯ ಬದಲು ಹುದುಗಿನ ಬಿಲ್ಲೆ ಬಳಸುವುದರಿಂದ ಕ್ರಮ ಬೇರೆ. ನಮ್ಮಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ಕುಡಿಯುವ ಅಂಬಲಿ ಹುಳಿಯಾಗುವುದು ಮೊಸರಿನ ರೀತಿಯ ಹುಳಿಯಿಂದ, ಬಿಯರಿನ ರೀತಿಯಿಂದಲ್ಲ. ಈಚೆಗೆ ಬೆಂಗಳೂರಿನ ಕೆಲವು ಪರವಾನಗಿ ಪಡೆದ ಸಣ್ಣ ಬ್ರೂವರಿಗಳು ರಾಗಿಯನ್ನು ಬಿಯರಿಗೆ ಬಳಸಿವೆ. ಮಾಲ್ಟಿನ ಗುಣ ತಿಳಿದ ಬೆಳೆಗಾರನಿಗೆ ಅಂತಹ ಗಿರಾಕಿಯೊಡನೆ ಮಾತನಾಡುವಾಗ ಒಂದು ಬಲ ಇರುತ್ತದೆ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1982ರಲ್ಲಿ ಮೊಳಕೆ ರಾಗಿ ಹಾಗೂ ಹೆಸರುಕಾಳಿನಿಂದ ಹಸುಗೂಸುಗಳ ಆಹಾರವೊಂದನ್ನು ರೂಪಿಸಿ ಪ್ರಕಟಿಸಿದರು. ಅದರ ಗುಟ್ಟು ಇದೇ ಕಿಣ್ವ. ಸಾದಾ ಹಿಟ್ಟಿನ ಗಂಜಿ ಗಟ್ಟಿಯಾಗುತ್ತದೆ. ಮಗು ನುಂಗಲೆಂದು ನೀರು ಹಾಕಿ ತೆಳು ಮಾಡಿದರೆ ಹೊಟ್ಟೆ ತುಂಬುತ್ತದೆ, ಪುಷ್ಟಿ ಸೇರುವುದಿಲ್ಲ. ಮೊಳಕೆ ಹಿಟ್ಟಿನ ಗಂಜಿ ಅಷ್ಟೇ ಹಿಟ್ಟು ಹಿಡಿದಿದ್ದರೂ ತೆಳ್ಳಗಿರುತ್ತದೆ. ಹಾಗಾಗಿ ಸ್ಟ್ರಾಂಗ್ ಬಿಯರಿನವನೂ ಎಳೆಮಗುವಿನ ತಾಯಿಯೂ ಬಿಡಿಸುವ ಲೆಕ್ಕ ಒಂದೇ: ಸಣ್ಣ ಪಾತ್ರೆಯಲ್ಲಿ ಹೆಚ್ಚು ಧಾನ್ಯದ ಸತ್ವ ಹಿಡಿಸುವುದು.

ಇದನ್ನು ಮನೆಯಲ್ಲಿ ಪರೀಕ್ಷಿಸಿ ನೋಡಿ. ರಾಗಿ ಗಂಜಿಯನ್ನು ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಕಾಯಿಸಿ ಇಳಿಸಿ. ಉಣ್ಣುವ ಬಿಸಿಗೆ ಬಂದ ಮೇಲೆ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಹಾಕಿ ಕಲಕಿ. ಮಾಲ್ಟಿನಲ್ಲಿ ಜೀವ ಇದ್ದರೆ ಕೆಲವೇ ನಿಮಿಷಗಳಲ್ಲಿ ಗಂಜಿ ನೀರಾಗುತ್ತದೆ. ಆಗದಿದ್ದರೆ ಮಾಲ್ಟ್ ಸತ್ತಿದೆ ಎಂದು ತಿಳಿಯಬೇಕು. ಮಗುವಿಗೆ ಕೊಡುವುದಾದರೆ ಹೀಗೆ ನೀರಾದ ಗಂಜಿಯನ್ನು ಮತ್ತೊಮ್ಮೆ ಕುದಿಸಿ ಆರಿಸಿ ಕೊಡಬೇಕು. ಪೇಟೆಯಲ್ಲಿ ‘ರಾಗಿ ಮಾಲ್ಟ್’ ಎಂಬ ಹೆಸರಿನಲ್ಲಿ ಸಿಗುವ ಎಷ್ಟೋ ಪುಡಿಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಘಮ ಬರಲೆಂದು ಜೋರಾಗಿ ಹುರಿದಾಗ ಕಿಣ್ವ ಸತ್ತಿರುತ್ತದೆ. ಹುರಿಹಿಟ್ಟಿನಲ್ಲಂತೂ ಅದು ಇರುವುದೇ ಇಲ್ಲ. ತಿನ್ನಲು ಅವು ಒಳ್ಳೆಯವೇ, ಬಿಸಿಕಲಸಿಗೆ ಬಾರವು.

ಮಾಲ್ಟ್ ಮಾಡುವ ಕ್ರಮ ಹೆಚ್ಚು ಹೇಳಬೇಕಾದದ್ದಲ್ಲ. ಆ ವರ್ಷದ, ಮೊಳೆಯುವ ಶಕ್ತಿ ಇರುವ ರಾಗಿಯನ್ನು ಕಲ್ಲು ಮಣ್ಣು ಹೋಗುವಂತೆ ಮೂರು ನಾಲ್ಕು ನೀರು ತೊಳೆದು, ನಡುವೆ ಒಮ್ಮೆ ನೀರು ಬದಲಿಸಿ, ಒಂದು ರಾತ್ರಿ ನೆನೆಹಾಕಿ. ಬಸಿದು ಒದ್ದೆ ಬಟ್ಟೆಯಲ್ಲಿ ತೆಳ್ಳಗೆ ಹರಡಿ ಎರಡರಿಂದ ಮೂರು ದಿನ ಮೊಳೆಯಬಿಡಿ. ದಿನಕ್ಕೆರಡು ಸಲ ನೀರು ಚಿಮುಕಿಸಿ ಕೈಯಾಡಿಸಬೇಕು, ಇಲ್ಲದಿದ್ದರೆ ರಾಶಿಯ ಒಳಗೆ ಕಾವೇರಿ ಬೂಸ್ಟು ಹಿಡಿಯುತ್ತದೆ. ಕಪ್ಪೋ ಹಸಿರೋ ಬೂಸ್ಟು ಕಂಡ ರಾಶಿಯನ್ನು ತೊಳೆದು ಉಳಿಸಿಕೊಳ್ಳುವ ಯೋಚನೆ ಬೇಡ, ಪೂರ್ತಿ ಎಸೆಯಬೇಕು, ದನಕ್ಕೂ ಹಾಕಬಾರದು. ಬೂಸ್ಟಿನ ವಿಷ ಬೇಯಿಸಿದರೂ ಹೋಗುವುದಿಲ್ಲ. ಮೊಳೆತದ್ದನ್ನು ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಕೈಯಲ್ಲಿ ಉಜ್ಜಿ ಬೇರು ಬಿಡಿಸಿ ಕೇರಿ. ಕಾಫಿ ಕಣದಲ್ಲಾಗಲಿ ಅಡಿಕೆ ಚೊಗರಿನ ಚಾಪೆಯ ಮೇಲಾಗಲಿ ಒಣಗಿಸಬೇಡಿ, ವಾಸನೆ ಹೀರಿಕೊಳ್ಳುತ್ತದೆ. ರಾಗಿಯ ಬದಲು ಬಿಳಿಜೋಳ ಮೊಳೆಯಿಸುವವರಿಗೆ ಒಂದು ಎಚ್ಚರಿಕೆ: ಜೋಳದ ಮೊಳಕೆ ಮತ್ತು ಬೇರಿನಲ್ಲಿ ಸಯನೈಡ್ ವಿಷವಾಗಿ ಮಾರ್ಪಡುವ ಅಂಶವಿದೆ. ಎಳೆ ಜೋಳದ ಗರಿ ಮೇಯ್ದ ದನ ಸಾಯುವುದು ಇದರಿಂದಲೇ. ಅದರ ಮೊಳಕೆ ಬೇರುಗಳನ್ನು ಒಂದೂ ಬಿಡದೆ ತೆಗೆಯಲೇಬೇಕು. ರಾಗಿಗೆ ಈ ಭಯವಿಲ್ಲ.

ಕಲಸುವ ಕ್ರಮದಲ್ಲಿ ರಾಗಿ ಬಾರ್ಲಿಯಂತಲ್ಲ. ಬಾರ್ಲಿಯ ಪಿಷ್ಟ 60-65 ಡಿಗ್ರಿಯಲ್ಲೇ ಊದಿ ಅರಳಿ ಕಿಣ್ವಕ್ಕೆ ಒಡ್ಡಿಕೊಳ್ಳುತ್ತದೆ. ರಾಗಿಯ ಪಿಷ್ಟ ಅರಳಲು ಇನ್ನೂ ಹೆಚ್ಚಿನ ಬಿಸಿ ಬೇಕು. ಅಷ್ಟು ಬಿಸಿ ಮಾಡಿದರೆ ಸಕ್ಕರೆ ಮಾಡುವ ಕಿಣ್ವ ಸಾಯುತ್ತದೆ. ಮುದ್ದೆಗೆ ಹಿಟ್ಟು ಹಾಕುವಂತೆ ಕುದಿಯುವ ಎಸರಿಗೆ ಮಾಲ್ಟ್ ಸುರಿದವರಿಗೆ ಸಿಹಿ ಬಾರದಿರುವುದು ಇದೇ ಕಾರಣಕ್ಕೆ. ಜೋಳದ ಮಾಲ್ಟಿಗೆ ಆಫ್ರಿಕಾದವರು ಬಳಸುವ ಉಪಾಯ ಇಲ್ಲಿ ನಮಗೂ ಒದಗುತ್ತದೆ: ಕಿಣ್ವವನ್ನು ಮೊದಲು ತೆಗೆದಿಟ್ಟುಕೊಂಡು, ಪಿಷ್ಟವನ್ನು ಬೇಯಿಸಿ, ಮತ್ತೆ ಎರಡನ್ನೂ ಕೂಡಿಸುವುದು.

ಆರು ಲೀಟರಿನ ಪಾತ್ರೆಯಲ್ಲಿ 1 ಕಿಲೋ ಮೊಳಕೆ ರಾಗಿ ತರಿಗೆ 4 ಲೀಟರು ಉಗುರುಬೆಚ್ಚಗಿನ ನೀರು ಹಾಕಿ ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆ ಅಲುಗಿಸದೆ ಬಿಡಿ. ತರಿ ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯಲ್ಲಿ ಕಿಣ್ವ ಇದೆ. ಒಂದು ಲೀಟರು ತಿಳಿಯನ್ನು ಜೋಪಾನವಾಗಿ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಉಳಿದ ಗಟ್ಟಿಯನ್ನು ಒಲೆಯ ಮೇಲಿಟ್ಟು ತಳ ಹಿಡಿಯದಂತೆ ತೊಳಸುತ್ತ ಹತ್ತು ಹದಿನೈದು ನಿಮಿಷ ಕುದಿಸಿ. ಅದು 72-73 ಡಿಗ್ರಿಗೆ ಆರಿದಾಗ ತೆಗೆದಿಟ್ಟ ತಿಳಿಯನ್ನು ಸುರಿದು ಕಲಸಿದರೆ ಒಟ್ಟು 63-64ರ ಹತ್ತಿರ ನಿಲ್ಲುತ್ತದೆ. ಆರದೆ, ಕುದಿಯುತ್ತಿರುವಾಗಲೇ ಸುರಿದರೆ 80 ಡಿಗ್ರಿಯ ಹತ್ತಿರ ನಿಂತು ತೆಗೆದಿಟ್ಟ ಕಿಣ್ವವೂ ನಷ್ಟ. ಮುಚ್ಚಳ ಹಾಕಿ ಕಂಬಳಿ ಸುತ್ತಿ, ಹುಲ್ಲು ತುಂಬಿದ ಬುಟ್ಟಿಯಲ್ಲಿಟ್ಟರೆ ಎರಡು ಗಂಟೆ ಕಾವು ಉಳಿಯುತ್ತದೆ. ಒಲೆಯ ಮೇಲಿಟ್ಟು ಆಗಾಗ ಬಿಸಿ ಮಾಡುವುದಕ್ಕಿಂತ ಇದೇ ಮೇಲು. ತಳ ಸುಡುವುದಿಲ್ಲ, ಬಿಸಿ ಏರುಪೇರಾಗುವುದಿಲ್ಲ.

ಇಲ್ಲಿ ಉಷ್ಣಮಾಪಕ ಕೊಳ್ಳುವುದಕ್ಕೆ ಹಿಂಜರಿಯಬಾರದು. ಬೆರಳು ಅದ್ದಿ ನೋಡುವ ಕ್ರಮ ನಂಬುವಂಥದ್ದಲ್ಲ, ಬೆರಳು ಸುಡುವುದು ಬೇರೆ. ಬಾರ್ಲಿ ಮಾಲ್ಟಿನಲ್ಲಿ ಮಾಪಕವಿಲ್ಲದೆಯೂ ಒಂದು ದಾರಿ ಇದೆ: 3 ಪಾಲು ಕುದಿಯುವ ನೀರಿಗೆ 2 ಪಾಲು ತಣ್ಣೀರು ಬೆರೆಸಿದರೆ 69 ಡಿಗ್ರಿಯ ಆಸುಪಾಸು ಬರುತ್ತದೆ, ಅದಕ್ಕೆ ಮಾಲ್ಟ್ ಬಿದ್ದಾಗ 63ಕ್ಕೆ ಇಳಿಯುತ್ತದೆ. ಮಂಡ್ಯ ಸೀಮೆಯಲ್ಲಿ ನೀರು 98ರ ಹತ್ತಿರ ಕುದಿಯುವುದರಿಂದ ಈ ಲೆಕ್ಕ. ಮಡಿಕೇರಿ, ಚಿಕ್ಕಮಗಳೂರಿನ ಎತ್ತರದಲ್ಲಿ 96ಕ್ಕೇ ಕುದಿಯುತ್ತದೆ, ತಣ್ಣೀರೂ ಹೆಚ್ಚು ತಣ್ಣಗಿರುತ್ತದೆ. ಅಲ್ಲಿಯವರು ಕುದಿನೀರನ್ನು ಸ್ವಲ್ಪ ಮುಂದು ಮಾಡಿಕೊಳ್ಳಬೇಕು.

ಕೆಲಸ ಮುಗಿಯಿತೇ ಎಂದು ನೋಡಲು ಟಿಂಚರ್ ಅಯೋಡಿನ್ ಸಾಕು. ಪಿಂಗಾಣಿ ತಟ್ಟೆಯ ಮೇಲೆ ಒಂದು ತೊಟ್ಟು ರಸ ಹಾಕಿ ಆರಿಸಿ, ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿಯಾದರೆ ಪಿಷ್ಟ ಉಳಿದಿದೆ, ಇನ್ನೂ ಅರ್ಧ ಗಂಟೆ ಬಿಡಬೇಕು. ಬಣ್ಣ ಬದಲಾಗದಿದ್ದರೆ ಸೋಸಬಹುದು. ಪರೀಕ್ಷೆಯ ತೊಟ್ಟನ್ನು ಚೆಲ್ಲಿಬಿಡಿ, ಪಾತ್ರೆಗೆ ಮರಳಿಸಬೇಡಿ.

ಸೋಸುವುದೇ ರಾಗಿಯಲ್ಲಿ ದೊಡ್ಡ ತೊಡಕು. ಬಾರ್ಲಿಗೆ ಹೊಟ್ಟಿನ ಹೊದಿಕೆ ಇದೆ, ಅದೇ ತಳದಲ್ಲಿ ಕೂತು ಜರಡಿಯಾಗುತ್ತದೆ. ರಾಗಿಗೆ ಅದಿಲ್ಲ, ಬಟ್ಟೆಯ ಕಣ್ಣು ಮುಚ್ಚಿ ಅಂಟಾಗಿ ನಿಲ್ಲುತ್ತದೆ. ಭತ್ತದ ಹೊಟ್ಟನ್ನು ಚೆನ್ನಾಗಿ ತೊಳೆದು ಕುದಿಸಿ ಬಸಿದು, ಕಿಲೋ ರಾಗಿಗೆ ಎರಡು ಹಿಡಿಯಂತೆ ಸೋಸುವ ಮೊದಲು ಬೆರೆಸಿದರೆ ರಸ ಸಲೀಸಾಗಿ ಇಳಿಯುತ್ತದೆ. ಬ್ರೂವರಿಗಳಲ್ಲೂ ಹೊಟ್ಟಿಲ್ಲದ ಧಾನ್ಯಕ್ಕೆ ಭತ್ತದ ಹೊಟ್ಟನ್ನೇ ಹಾಕುತ್ತಾರೆ. ಮಲ್ ಬಟ್ಟೆಯ ಚೀಲದಲ್ಲಿ ತೂಗುಹಾಕಿ ತಾನಾಗಿ ಇಳಿಯಬಿಡಿ. ಹಿಂಡಿದರೆ ಬಗ್ಗಡ ಬರುತ್ತದೆ.

ಮೊದಲು ಇಳಿದ ರಸವನ್ನು ಬೇರೆ ಹಿಡಿದುಕೊಳ್ಳಿ, ಅದು ಪಾಕಕ್ಕೆ. ಆಮೇಲೆ ಒಂದು ಲೀಟರು ಬಿಸಿನೀರಿನಲ್ಲಿ ತೊಳೆದ ತೆಳು ರಸಕ್ಕೆ ಏಲಕ್ಕಿ, ಒಂದಿಷ್ಟು ಹಾಲು ಸೇರಿಸಿದರೆ ಅಂದಿನ ಸಂಜೆಯ ಪಾನೀಯ. ಇಂಗ್ಲೆಂಡಿನ ಹಳ್ಳಿಮನೆಯವರ ಕ್ರಮವೇ ಇದು, ಮದ್ಯ ಮಾತ್ರ ಇಲ್ಲ. ರಾಗಿಯ ಇಳುವರಿ ಬಾರ್ಲಿಯಷ್ಟು ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಇನ್ನೂ ಗಟ್ಟಿ ಬೇಕೆಂದರೆ ಮೊದಲ ರಸದಲ್ಲೇ ಎರಡನೆಯ ಕಿಲೋ ಕಲಸಿ, ಇಲ್ಲವೇ ಬತ್ತಿಸಿ.

ಗಟ್ಟಿ ರಸವನ್ನು ಅದೇ ದಿನ ಕುದಿಸಿಬಿಡಬೇಕು. ನಮ್ಮ ಸೆಕೆಗೆ ಒಂದು ರಾತ್ರಿ ಇಟ್ಟರೂ ಹುಳಿ ತಿರುಗುತ್ತದೆ, ಗಾಳಿಯಲ್ಲಿನ ಹುದುಗು ಬಿದ್ದು ನೊರೆಯೇಳುತ್ತದೆ. ಅಲ್ಲಿಗೆ ಅದು ನಾವು ಮಾಡಬಾರದ ವಸ್ತುವಾಗುವ ಹಾದಿ ಹಿಡಿಯಿತೆಂದೇ ಅರ್ಥ. ಅಗಲ ಬಾಯಿಯ ಪಾತ್ರೆಯಲ್ಲಿ ಕುದಿಸುತ್ತ ನೊರೆ ತೆಗೆಯುತ್ತ ಬತ್ತಿಸಿ, ಕೊನೆಕೊನೆಗೆ ಉರಿ ತಗ್ಗಿಸಬೇಕು, ಬೆಲ್ಲದ ಕೊಪ್ಪರಿಗೆಯಂತೆ ಇದೂ ಕೊನೆಯಲ್ಲೇ ಸೀಯುವುದು. ಬ್ರಿಕ್ಸ್ 70 ದಾಟಿ, ಜೇನಿನಂತೆ ಎಳೆಯಾಗಿ ಬೀಳುವಾಗ ಇಳಿಸಿ. ಅಷ್ಟು ಗಟ್ಟಿಯಲ್ಲಿ ಹುದುಗು ಬದುಕಲಾರದು. ಕುದಿಸಿ ಒಣಗಿಸಿದ ಗಾಜಿನ ಸೀಸೆಗೆ ಬಿಸಿ ಇರುವಾಗಲೇ ತುಂಬಿ ಬಿರಡೆ ಬಿಗಿಯಿರಿ. ಕೈ ಮಾಪಕಗಳಲ್ಲಿ ಹಲವು 32ರವರೆಗೆ ಮಾತ್ರ ಓದುತ್ತವೆ. ಅಂತಹವು ಇದ್ದವರು ಪಾಕ ಒಂದು ಪಾಲಿಗೆ ನೀರು ಎರಡು ಪಾಲು ತೂಗಿ ಬೆರೆಸಿ ಓದಿ, ಬಂದ ಅಂಕಿಯನ್ನು ಮೂರರಿಂದ ಗುಣಿಸಿಕೊಳ್ಳಬೇಕು. 23-24 ಬಂದರೆ ಪಾಕ ಆಗಿದೆ.

ಉಳಿದ ಚರಟವನ್ನು ತಿಪ್ಪೆಗೆ ಹಾಕಬೇಡಿ. ಸಕ್ಕರೆ ಹೋಗಿದ್ದರೂ ಸಸಾರಜನಕ ಅದರಲ್ಲೇ ಉಳಿದಿರುತ್ತದೆ. ಬೆಂಗಳೂರಿನ ಸುತ್ತ ಹಾಲಿನ ಹಸು ಸಾಕಿದವರು ಬ್ರೂವರಿಯ ಹಸಿ ಹೊಟ್ಟನ್ನು ಗಾಡಿಗಟ್ಟಲೆ ಕೊಂಡು ತರುವುದು ಅದಕ್ಕೇ. ಭತ್ತದ ಹೊಟ್ಟು ಬೆರೆತಿರುವುದರಿಂದ ಒಂದು ಹಸುವಿಗೆ ಒಂದೇ ಸಲ ಹೆಚ್ಚು ಸುರಿಯದೆ, ಒಣಹುಲ್ಲಿನೊಂದಿಗೆ ಸ್ವಲ್ಪ ಸ್ವಲ್ಪವಾಗಿ, ಆ ದಿನದ್ದನ್ನು ಆ ದಿನವೇ ಹಾಕಬೇಕು. ಮಾರನೆಯ ದಿನಕ್ಕೆ ಹುಳಿ ವಾಸನೆ ಬಂದಿದ್ದರೆ ಗೊಬ್ಬರದ ಗುಂಡಿಗೆ ಸೇರಿಸಿ.